ಉಪ್ಪಾಗೆಯ ಹುಳಿ ಮತ್ತು ಸಕ್ಕರೆಯ ಹಾದಿ: ಒಂದು ಕಿಣ್ವ ತಡೆದರೆ ತೂಕ ಇಳಿಯುತ್ತದೆಯೇ?

ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಕಾಡುಗಳಲ್ಲಿ ಮಳೆಗಾಲ ಹಿಡಿದ ಮೇಲೆ ಹಣ್ಣಾಗುವ ಉಪ್ಪಾಗೆಗೆ ಇವತ್ತು ಎರಡು ಬಗೆಯ ಗಿರಾಕಿಗಳಿದ್ದಾರೆ. ಒಬ್ಬರು ಇಲ್ಲಿಯವರೇ. ಒಣಗಿಸಿದ ಸಿಪ್ಪೆಯನ್ನು ಹುಳಿಗೆ ಹಾಕುವವರು, ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುವವರು. ಇನ್ನೊಬ್ಬರು ತೂಕ ಇಳಿಸುವ ಮಾತ್ರೆ ಮಾಡುವ ಕಂಪನಿಗಳು. ಅವರ ಡಬ್ಬಿಯ ಮೇಲೆ ಇದೇ ಹಣ್ಣು ‘ಗಾರ್ಸೀನಿಯಾ ಕಾಂಬೋಜಿಯಾ’ ಆಗಿರುತ್ತದೆ. ಮೊಬೈಲ್ ತೆರೆದರೆ ಅದರ ಜಾಹೀರಾತು ಕಾಣುತ್ತದೆ: ‘ಸಕ್ಕರೆ ಕೊಬ್ಬಾಗುವುದನ್ನು ತಡೆಯುತ್ತದೆ, ಊಟ ಬಿಡಬೇಕಿಲ್ಲ.’ ಈಗೀಗ ಇದನ್ನು ಶುಗರ್ ಇರುವವರಿಗೂ ಹೇಳಿ ಮಾರುತ್ತಿದ್ದಾರೆ.

ಈ ಜಾಹೀರಾತು ಪೂರ್ತಿ ಸುಳ್ಳಾಗಿದ್ದರೆ ಉತ್ತರ ಹೇಳುವುದು ಸುಲಭವಿತ್ತು. ಅದರೊಳಗೆ ನಿಜವಾದ ಜೀವರಸಾಯನ ಶಾಸ್ತ್ರವಿದೆ. ಉಪ್ಪಾಗೆ ಸಿಪ್ಪೆಯ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ಗುರುತಿಸಿದವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳಾದ ಲೂಯಿಸ್ ಮತ್ತು ನೀಲಕಂಠನ್. ನಾಲ್ಕು ವರ್ಷದ ನಂತರ, 1969ರಲ್ಲಿ, ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಲೋವೆನ್‌ಸ್ಟೈನ್ ಅವರ ತಂಡ ಈ ಆಮ್ಲವು ಎಟಿಪಿ-ಸಿಟ್ರೇಟ್ ಲಯೇಸ್ ಎಂಬ ಕಿಣ್ವವನ್ನು ಬಲವಾಗಿ ತಡೆಯುತ್ತದೆ ಎಂದು ತೋರಿಸಿತು. ಸಕ್ಕರೆಯ ಇಂಗಾಲ ಕೊಬ್ಬಾಗಬೇಕಾದರೆ ಈ ಕಿಣ್ವದ ಕೈದಾಟಿಯೇ ಹೋಗಬೇಕು. ಇಷ್ಟರವರೆಗೆ ಎಲ್ಲ ಸರಿ. ಹಾಗಾದರೆ ಮಾತ್ರೆ ನುಂಗಿದವರ ತೂಕ ಏಕೆ ಇಳಿಯುವುದಿಲ್ಲ? ಇದಕ್ಕೆ ಉತ್ತರ ಆ ಒಂದು ಕಿಣ್ವದಲ್ಲಿ ಸಿಗುವುದಿಲ್ಲ. ಸಕ್ಕರೆ ಒಡೆಯುವ ಹಾದಿಯ ಮೇಲೆ ಜೀವಕೋಶ ಎಲ್ಲೆಲ್ಲಿ ಹಿಡಿತ ಇಟ್ಟುಕೊಂಡಿದೆ ಎಂಬುದನ್ನು ನೋಡಬೇಕು.

ಹಿಡಿತ ಇರುವುದು ಮೂರು ಕಡೆ

ಗ್ಲೂಕೋಸ್ ಒಡೆಯುವ ಮೊದಲ ಭಾಗಕ್ಕೆ ಗ್ಲೈಕಾಲಿಸಿಸ್ ಎಂದು ಹೆಸರು. ಹತ್ತು ಹಂತ, ಹತ್ತು ಕಿಣ್ವ. ಆರು ಇಂಗಾಲದ ಒಂದು ಗ್ಲೂಕೋಸ್ ಕೊನೆಗೆ ಮೂರು ಇಂಗಾಲದ ಎರಡು ಪೈರುವೇಟ್ ಆಗುತ್ತದೆ. ಖರ್ಚು ಕಳೆದು ಉಳಿಯುವ ಲಾಭ ಎರಡು ಎಟಿಪಿ. ಕೋಶ ಶಕ್ತಿಗಾಗಿ ಖರ್ಚುಮಾಡುವ ಅಣು ಇದು. ಪೈರುವೇಟ್ ಕೋಶದ ಒಲೆಯಂತಿರುವ ಮೈಟೊಕಾಂಡ್ರಿಯದೊಳಗೆ ಹೋಗಿ ಪೂರ್ತಿ ಉರಿದರೆ ಒಟ್ಟು 30ರಿಂದ 32 ಎಟಿಪಿ ಸಿಗುತ್ತವೆ.

ಹತ್ತರಲ್ಲಿ ಏಳು ಹಂತಗಳು ಎರಡೂ ದಿಕ್ಕಿಗೆ ನಡೆಯಬಲ್ಲವು. ಅಲ್ಲಿ ಕಿಣ್ವ ಬೇಕಾದಷ್ಟಿರುತ್ತದೆ. ಸರಕು ಬಂದಂತೆ ಸಾಗಿಸುವುದಷ್ಟೇ ಅದರ ಕೆಲಸ. ಒಂದನೆಯದು, ಮೂರನೆಯದು, ಹತ್ತನೆಯದು ಮಾತ್ರ ಹಾಗಲ್ಲ. ಅಲ್ಲಿ ಶಕ್ತಿಯ ಇಳಿತ ದೊಡ್ಡದು, ಹಿಂದಕ್ಕೆ ಬರಲು ಬೇರೆಯದೇ ಕಿಣ್ವ ಬೇಕು. ಜೀವಕೋಶ ತನ್ನ ನಿಯಂತ್ರಣವನ್ನೆಲ್ಲ ಇಟ್ಟಿರುವುದು ಈ ಮೂರು ಕಡೆ.

ಮೊದಲ ಹಂತದಲ್ಲಿ ಹೆಕ್ಸೋಕೈನೇಸ್ ಗ್ಲೂಕೋಸಿಗೆ ಒಂದು ಫಾಸ್ಫೇಟ್ ಅಂಟಿಸುತ್ತದೆ. ಅದಾದ ಮೇಲೆ ಆ ಗ್ಲೂಕೋಸ್ ಕೋಶದಿಂದ ಹೊರಗೆ ಹೋಗಲಾರದು. ಸ್ನಾಯು ಮತ್ತು ಮಿದುಳಿನಲ್ಲಿರುವ ಹೆಕ್ಸೋಕೈನೇಸ್‌ಗೆ ಗ್ಲೂಕೋಸ್ ಎಂದರೆ ಎಷ್ಟು ಆಸೆಯೆಂದರೆ, 100 ಮಿಲಿಲೀಟರಿಗೆ 2 ಮಿಲಿಗ್ರಾಂಗಿಂತ ಕಡಿಮೆ ಇದ್ದರೂ ಅದು ಅರ್ಧ ವೇಗದಲ್ಲಿ ಕೆಲಸ ಮಾಡುತ್ತದೆ. ರಕ್ತದಲ್ಲಿ ಸಾಮಾನ್ಯವಾಗಿ 80–90 ಇರುವಾಗ ಅದು ಯಾವಾಗಲೂ ಪೂರ್ಣ ವೇಗದಲ್ಲೇ ಇರಬೇಕು. ಇರುವುದಿಲ್ಲ, ಏಕೆಂದರೆ ತಾನೇ ಮಾಡಿದ ಗ್ಲೂಕೋಸ್-6-ಫಾಸ್ಫೇಟ್ ಜಮೆಯಾದರೆ ಅದು ತಾನೇ ನಿಲ್ಲುತ್ತದೆ. ಮುಂದಿನವರಿಗೆ ಬೇಡವಾದರೆ ಇದೂ ದುಡಿಯುವುದಿಲ್ಲ.

ಲಿವರ್ ಮತ್ತು ಇನ್ಸುಲಿನ್ ಸುರಿಸುವ ಬೀಟಾ ಕೋಶಗಳಲ್ಲಿ ಇದೇ ಕೆಲಸವನ್ನು ಗ್ಲೂಕೋಕೈನೇಸ್ ಮಾಡುತ್ತದೆ. ಅದರ ಸ್ವಭಾವವೇ ಬೇರೆ. ಅರ್ಧ ವೇಗ ಮುಟ್ಟಲು ಅದಕ್ಕೆ ಸುಮಾರು 8 ಮಿಲಿಮೋಲ್, ಅಂದರೆ ಹತ್ತಿರಹತ್ತಿರ 144 ಮಿಲಿಗ್ರಾಂ ಬೇಕು. ತಾನು ಮಾಡಿದ ವಸ್ತುವಿನಿಂದ ಅದು ನಿಲ್ಲುವುದೂ ಇಲ್ಲ. ಹಾಗಾಗಿ ಉಪವಾಸದಲ್ಲಿ ಲಿವರ್ ಸಕ್ಕರೆಗೆ ಕೈಹಾಕುವುದಿಲ್ಲ, ಊಟವಾಗಿ ರಕ್ತದ ಸಕ್ಕರೆ ಏರಿದಾಗ ಮಾತ್ರ ಎಳೆದುಕೊಳ್ಳುತ್ತದೆ. ಗ್ಲೂಕೋಕೈನೇಸ್ ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿರುವವರಿಗೆ ಹುಟ್ಟಿನಿಂದಲೇ ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 145ರ ನಡುವೆ ನಿಂತಿರುತ್ತದೆ. ವರ್ಷ ಹೋದರೂ ಹೆಚ್ಚು ಏರುವುದಿಲ್ಲ. ಗರ್ಭಿಣಿಯರನ್ನು ಬಿಟ್ಟರೆ ಇವರಿಗೆ ಸಾಮಾನ್ಯವಾಗಿ ಔಷಧ ಬೇಕಾಗುವುದಿಲ್ಲ. ಮನೆಯಲ್ಲಿ ಮೂರು ತಲೆಮಾರಿನವರಿಗೂ ತೆಳ್ಳಗಿನ ಮೈ, ಏರದ ಇಳಿಯದ ‘ಸ್ವಲ್ಪ ಶುಗರ್’ ಇದ್ದರೆ ವೈದ್ಯರ ಹತ್ತಿರ ಈ ಮಾತು ಎತ್ತುವುದು ಒಳ್ಳೆಯದು.

ಮೂರನೆಯ ಹಂತ ಎಲ್ಲಕ್ಕಿಂತ ಮುಖ್ಯ. ಅಲ್ಲಿರುವುದು ಫಾಸ್ಫೋಫ್ರಕ್ಟೋಕೈನೇಸ್, ಚಿಕ್ಕದಾಗಿ ಪಿಎಫ್‌ಕೆ. ಇದನ್ನು ದಾಟಿದ ಸಕ್ಕರೆ ಒಡೆಯಲೇಬೇಕು. ಗ್ಲೈಕೋಜೆನ್ (ಕೋಶದೊಳಗಿನ ಸಕ್ಕರೆಯ ದಾಸ್ತಾನು) ಆಗಿ ಕೂಡಿಡುವ ಅವಕಾಶ ಅಲ್ಲಿಗೆ ತಪ್ಪಿತು. ಪಿಎಫ್‌ಕೆ ಹಲವು ಸುದ್ದಿಗಳನ್ನು ಒಟ್ಟಿಗೆ ಓದುತ್ತದೆ. ಎಟಿಪಿ ಅದಕ್ಕೆ ಬೇಕಾದ ಸರಕೂ ಹೌದು, ಹೆಚ್ಚಾದರೆ ತಡೆಯೂ ಹೌದು: ಕಿಣ್ವದ ಮೇಲೆ ಎಟಿಪಿ ಕೂರಲು ಎರಡು ಬೇರೆ ಬೇರೆ ಜಾಗಗಳಿವೆ. ಎಟಿಪಿ ಕಡಿಮೆಯಾಗುತ್ತಿದೆ ಎಂಬ ಸುದ್ದಿಯನ್ನು ತರುವುದು ಎಎಂಪಿ. ಎಟಿಪಿ ಖರ್ಚಾದರೆ ಎಡಿಪಿ ಆಗುತ್ತದೆ. ಎರಡು ಎಡಿಪಿಗಳನ್ನು ಸೇರಿಸಿ ಒಂದು ಎಟಿಪಿ, ಒಂದು ಎಎಂಪಿ ಮಾಡುವ ಅಡೆನಿಲೇಟ್ ಕೈನೇಸ್ ಎಂಬ ಕಿಣ್ವದಿಂದಾಗಿ, ಎಟಿಪಿ ಶೇ 10ರಷ್ಟು ಇಳಿಯುವಷ್ಟರಲ್ಲಿ ಎಎಂಪಿ ಐದಾರು ಪಟ್ಟು ಏರಬಹುದು. ಗುಡ್ಡ ಹತ್ತುವಾಗ ಕಾಲಿನ ಸ್ನಾಯು ಎಟಿಪಿ ಖಾಲಿಯಾಗುವವರೆಗೆ ಕಾಯದೆ ಸಕ್ಕರೆ ಒಡೆಯುವ ವೇಗ ಏರಿಸುವುದು ಹೀಗೆ.

ಪಿಎಫ್‌ಕೆ ಕೇಳುವ ಇನ್ನೊಂದು ಸುದ್ದಿ, ಇಂಧನ ಉರಿಯುವಾಗ ಮೈಟೊಕಾಂಡ್ರಿಯದಲ್ಲಿ ತಯಾರಾಗುವ ಸಿಟ್ರೇಟ್‌ನದು. ಮೈಟೊಕಾಂಡ್ರಿಯದೊಳಗೆ ಸಾಕಷ್ಟು ಇಂಧನವಿದ್ದಾಗ ಸಿಟ್ರೇಟ್ ತುಂಬಿ ಹೊರಗಿನ ಕೋಶರಸಕ್ಕೆ ಬರುತ್ತದೆ. ಬಂದದ್ದು ಪಿಎಫ್‌ಕೆಯನ್ನು ತಡೆಯುತ್ತದೆ. ಉಪ್ಪಾಗೆಯ ಕತೆಗೆ ಈ ಸಂಗತಿ ಬೇಕಾಗುತ್ತದೆ, ನೆನಪಿರಲಿ.

ಲಿವರಿನಲ್ಲಿ ಇವೆಲ್ಲಕ್ಕಿಂತ ಮೇಲೆ ಇನ್ನೊಂದು ಅಣುವಿದೆ: ಫ್ರಕ್ಟೋಸ್-2,6-ಬಿಸ್‌ಫಾಸ್ಫೇಟ್. ಬೆಲ್ಜಿಯಂನ ವಾನ್ ಶಾಫ್ಟಿಂಗೆನ್, ಹ್ಯೂ ಮತ್ತು ಹೆರ್ಸ್ 1980ರಲ್ಲಿ ಇದನ್ನು ಕಂಡುಹಿಡಿದರು. ಇದು ಹಾದಿಯ ಮಧ್ಯದ ವಸ್ತುವಲ್ಲ. ಹಾರ್ಮೋನ್ ಹೇಳಿದ್ದನ್ನು ಪಿಎಫ್‌ಕೆಗೆ ತಲುಪಿಸಲೆಂದೇ ಕೋಶ ಇದನ್ನು ಮಾಡುತ್ತದೆ. ಮಾಡುವುದೂ ಕೆಡಿಸುವುದೂ ಒಂದೇ ಪ್ರೋಟೀನು, ಅದರ ಎರಡು ತುದಿಗಳಿಗೆ ಎರಡು ಕೆಲಸ. ಉಪವಾಸದಲ್ಲಿ ಗ್ಲುಕಗಾನ್ ಎಂಬ ಹಾರ್ಮೋನ್ ಬಂದು ಆ ಪ್ರೋಟೀನಿಗೆ ಫಾಸ್ಫೇಟ್ ಅಂಟುವಂತೆ ಮಾಡುತ್ತದೆ. ಆಗ ಕೆಡಿಸುವ ತುದಿ ಎಚ್ಚರಗೊಳ್ಳುತ್ತದೆ, ಈ ಅಣು ಇಳಿಯುತ್ತದೆ, ಸಕ್ಕರೆ ಒಡೆಯುವುದು ನಿಂತು ಸಕ್ಕರೆ ಕಟ್ಟುವ ಕೆಲಸ ಶುರುವಾಗುತ್ತದೆ. ಇನ್ಸುಲಿನ್ ಬಂದರೆ ಎಲ್ಲ ತಿರುವುಮುರುವು. ಏಕಾದಶಿ ಉಪವಾಸ ಮಾಡಿದವರ ಲಿವರ್ ರಾತ್ರಿಯಿಡೀ ಮಿದುಳಿಗೆ ಸಕ್ಕರೆ ಒದಗಿಸುವುದೂ, ಮರುದಿನ ಪಾರಣೆಯಾದ ಮೇಲೆ ಸಕ್ಕರೆ ಎಳೆದುಕೊಳ್ಳುವುದೂ ಬಹುಮಟ್ಟಿಗೆ ಈ ಅಣುವಿನ ಏರಿಳಿತದ ಮೇಲೆ ನಿಂತಿದೆ.

ಹತ್ತನೆಯ ಹಂತದ ಪೈರುವೇಟ್ ಕೈನೇಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಟಿಪಿ ಮತ್ತು ಅಲನೈನ್ ಎಂಬ ಅಮೈನೋ ಆಮ್ಲ ಅದನ್ನು ತಡೆಯುತ್ತವೆ. ಪಿಎಫ್‌ಕೆ ಮಾಡಿದ ವಸ್ತು ಮುಂಚಿತವಾಗಿಯೇ ಅದನ್ನು ಎಬ್ಬಿಸುತ್ತದೆ. ಅದಾದ ಮೇಲೆ ಪೈರುವೇಟನ್ನು ಎರಡು ಇಂಗಾಲದ ತುಂಡು ಹೊತ್ತ ಅಸಿಟೈಲ್-ಕೋಎ ಮಾಡುವ ಪೈರುವೇಟ್ ಡಿಹೈಡ್ರೋಜಿನೇಸ್ ಇದೆ. ಇಲ್ಲಿಂದ ಹಿಂದಕ್ಕೆ ದಾರಿಯಿಲ್ಲ. ಅಸಿಟೈಲ್-ಕೋಎಯಿಂದ ನಮ್ಮ ದೇಹ ಮತ್ತೆ ಗ್ಲೂಕೋಸ್ ಮಾಡಲಾರದು. ಉರಿಸಬಹುದು, ಇಲ್ಲವೇ ಕೊಬ್ಬು ಮಾಡಬಹುದು.

ಎಲ್ಲಿ ತಡೆಯುತ್ತೀರಿ ಎಂಬುದೇ ಮುಖ್ಯ: ಬೂದು ಮುಚ್ಚಳದ ಟ್ಯೂಬು

ಒಂದು ಕಿಣ್ವ ತಡೆದರೆ ಹಾದಿ ನಿಲ್ಲುತ್ತದೆ ಎಂಬ ನಂಬಿಕೆ ಎಷ್ಟು ತಪ್ಪು ಎಂಬುದಕ್ಕೆ ಉದಾಹರಣೆ ಪ್ರತಿ ಲ್ಯಾಬಿನಲ್ಲೂ ಇದೆ. ಶುಗರ್ ಪರೀಕ್ಷೆಗೆ ರಕ್ತ ತೆಗೆಯುವ ಬೂದು ಮುಚ್ಚಳದ ಟ್ಯೂಬಿನೊಳಗೆ ಸೋಡಿಯಂ ಫ್ಲೋರೈಡ್ ಪುಡಿ ಇರುತ್ತದೆ. ಟ್ಯೂಬಿನಲ್ಲಿದ್ದರೂ ರಕ್ತಕಣಗಳು ಜೀವಂತವೇ. ಕೆಂಪು ರಕ್ತಕಣಕ್ಕೆ ಮೈಟೊಕಾಂಡ್ರಿಯ ಇಲ್ಲ, ಗ್ಲೈಕಾಲಿಸಿಸ್ ಒಂದೇ ಅದರ ಆಧಾರ. ಹಾಗಾಗಿ ಅದು ಟ್ಯೂಬಿನ ಗ್ಲೂಕೋಸನ್ನು ತಿನ್ನುತ್ತಲೇ ಇರುತ್ತದೆ. ಸಾಮಾನ್ಯ ಕೋಣೆಯ ಬಿಸಿಯಲ್ಲಿ ಗಂಟೆಗೆ ಶೇ 5ರಿಂದ 7ರಷ್ಟು ಸಕ್ಕರೆ ಹೀಗೆ ಇಳಿಯುತ್ತದೆ. ಸೆಕೆ ಹೆಚ್ಚಿದ್ದರೆ, ಬಿಳಿ ರಕ್ತಕಣ ಹೆಚ್ಚಿದ್ದರೆ ಇನ್ನೂ ಬೇಗ.

ಫ್ಲೋರೈಡ್ ತಡೆಯುವುದು ಎನೊಲೇಸ್ ಕಿಣ್ವವನ್ನು. ಅದು ಒಂಬತ್ತನೆಯ ಹಂತ. ಮೇಲಿನ ಎಂಟು ಹಂತಗಳನ್ನು ಅದು ಮುಟ್ಟುವುದಿಲ್ಲ. ಅಡಿಕೆ ತೋಟದ ಕಾಲುವೆಯ ಕೆಳತುದಿಗೆ ಮಣ್ಣು ಹಾಕಿದರೆ ಮೇಲಿನ ಕಟ್ಟಿನಿಂದ ನೀರು ಬರುವುದು ತಕ್ಷಣ ನಿಲ್ಲುವುದಿಲ್ಲ, ಕಾಲುವೆ ತುಂಬುವವರೆಗೆ ಬರುತ್ತಲೇ ಇರುತ್ತದೆ. ರಕ್ತಕಣದಲ್ಲೂ ಹಾಗೆಯೇ. ಹೆಕ್ಸೋಕೈನೇಸ್ ಮತ್ತು ಪಿಎಫ್‌ಕೆ, ಉಳಿದಿರುವ ಎಟಿಪಿ ಬಳಸಿಕೊಂಡು, ಮೊದಲ ಒಂದೆರಡು ಗಂಟೆ ಗ್ಲೂಕೋಸ್ ತಿನ್ನುತ್ತವೆ. ಆಮೇಲೆ ಸಕ್ಕರೆಯ ಮಟ್ಟ ನಿಲ್ಲುತ್ತದೆ, ಮೂರು ದಿನದವರೆಗೂ ಹೆಚ್ಚು ಬದಲಾಗುವುದಿಲ್ಲ. ಆದರೆ ಆಗಬೇಕಾದ ನಷ್ಟ ಅಷ್ಟರಲ್ಲಿ ಆಗಿಬಿಟ್ಟಿರುತ್ತದೆ.

ಇದು ಪುಸ್ತಕದ ಮಾತಲ್ಲ. ಖಾಲಿ ಹೊಟ್ಟೆಯಲ್ಲಿ 126 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಮಧುಮೇಹ, 100ರಿಂದ 125 ಇದ್ದರೆ ಅದರ ಹೊಸ್ತಿಲು. ಜೋಯಿಡಾದ ಹಳ್ಳಿಯಲ್ಲಿ ಬೆಳಿಗ್ಗೆ ತೆಗೆದ ರಕ್ತ ಅಣಶಿ ಘಟ್ಟ ಇಳಿದು, ಕದ್ರಾ ದಾಟಿ ಕಾರವಾರಕ್ಕೆ ಬರುವಷ್ಟರಲ್ಲಿ 130 ಇದ್ದದ್ದು 122 ಆಗಿರಬಹುದು. ರೋಗಿಗೆ ‘ಇನ್ನೂ ಶುಗರ್ ಬಂದಿಲ್ಲ’ ಎಂಬ ಉತ್ತರ ಸಿಗುತ್ತದೆ.

ಪರಿಹಾರ ಎರಡು. ಒಂದು, ರಕ್ತ ತೆಗೆದ ಕೂಡಲೇ ಟ್ಯೂಬನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಟ್ಟು, ಅರ್ಧ ಗಂಟೆಯೊಳಗೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಪ್ಲಾಸ್ಮಾ ಬೇರೆ ಮಾಡುವುದು. ಎರಡು, ಫ್ಲೋರೈಡಿನ ಜೊತೆ ಸಿಟ್ರೇಟ್ ಬಫರ್ ಇರುವ ಟ್ಯೂಬು ಬಳಸುವುದು. ಸಿಟ್ರೇಟ್ ಬಫರ್ ರಕ್ತವನ್ನು ಆಮ್ಲೀಯ ಮಾಡುತ್ತದೆ. ಆಮ್ಲಕ್ಕೆ ಹೆಕ್ಸೋಕೈನೇಸ್ ಮತ್ತು ಪಿಎಫ್‌ಕೆ ತಕ್ಷಣ ಮಣಿಯುತ್ತವೆ. ತಡೆ ಒಂಬತ್ತನೆಯ ಹಂತದಿಂದ ಒಂದನೆಯ ಮತ್ತು ಮೂರನೆಯ ಹಂತಕ್ಕೆ ಬಂತು, ಸಕ್ಕರೆ ಅಲ್ಲೇ ನಿಂತಿತು. ಯಾವ ಟ್ಯೂಬಾದರೂ ಗುರುತಿನವರೆಗೆ ರಕ್ತ ತುಂಬಬೇಕು, ತುಂಬಿದ ಕೂಡಲೇ ಎಂಟು-ಹತ್ತು ಬಾರಿ ಮೆಲ್ಲಗೆ ತಲೆಕೆಳಗು ಮಾಡಬೇಕು. ಕುಲುಕಬಾರದು. ರಕ್ತ ಕಡಿಮೆ ತುಂಬಿದರೆ ಫ್ಲೋರೈಡ್ ಪ್ರಮಾಣ ಹೆಚ್ಚಾಗಿ ಕಣಗಳು ಒಡೆಯುತ್ತವೆ. ತಲೆಕೆಳಗು ಮಾಡದಿದ್ದರೆ ಪುಡಿ ಕರಗದೆ ತಳದಲ್ಲೇ ಉಳಿಯುತ್ತದೆ. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಕ್ಯಾಂಪ್ ನಡೆಸುವವರು ಇದಕ್ಕೆ ಮೊದಲು ವ್ಯವಸ್ಥೆ ಮಾಡಿಕೊಳ್ಳಬೇಕು. ಬ್ಯಾನರ್ ಆಮೇಲೆ ಕಟ್ಟಿದರೂ ನಡೆಯುತ್ತದೆ.

ಉಪ್ಪಾಗೆ ಕೈಹಾಕುವ ಜಾಗ

ಈಗ ಎಟಿಪಿ-ಸಿಟ್ರೇಟ್ ಲಯೇಸ್ ಎಲ್ಲಿದೆ ನೋಡೋಣ. ಗ್ಲೈಕಾಲಿಸಿಸ್‌ನ ಹತ್ತೂ ಹಂತ ಮುಗಿದು, ಪೈರುವೇಟ್ ಮೈಟೊಕಾಂಡ್ರಿಯದೊಳಗೆ ಹೋಗಿ, ಅಸಿಟೈಲ್-ಕೋಎ ಆಗಿ, ಆಕ್ಸಲೋಅಸಿಟೇಟ್ ಜೊತೆ ಸೇರಿ ಸಿಟ್ರೇಟ್ ಆಗುತ್ತದೆ. ಸಿಟ್ರೇಟ್ ಸಾಮಾನ್ಯವಾಗಿ ಅಲ್ಲೇ ಉರಿಯುತ್ತದೆ. ಹೆಚ್ಚಾದದ್ದು ಮಾತ್ರ ಹೊರಗೆ ಕೋಶರಸಕ್ಕೆ ಬರುತ್ತದೆ. ಹೊರಗೆ ಬಂದ ಸಿಟ್ರೇಟನ್ನು ಮತ್ತೆ ಅಸಿಟೈಲ್-ಕೋಎ ಮಾಡುವುದು ಈ ಲಯೇಸ್. ಅಲ್ಲಿಂದ ಮುಂದೆ ಕೊಬ್ಬಿನ ಆಮ್ಲ ಮತ್ತು ಕೊಲೆಸ್ಟರಾಲ್.

ಉಪ್ಪಾಗೆಯ ಆಮ್ಲ ಲಯೇಸನ್ನು ತಡೆದರೆ ಮೊದಲಿಗೆ ಸಿಟ್ರೇಟ್ ಜಮೆಯಾಗುತ್ತದೆ. ಜಮೆಯಾದ ಸಿಟ್ರೇಟ್ ಪಿಎಫ್‌ಕೆಯನ್ನು ತಡೆಯುತ್ತದೆ, ಮೇಲಿನಿಂದ ಸಕ್ಕರೆ ಇಳಿಯುವುದು ನಿಧಾನವಾಗುತ್ತದೆ, ಆ ಸಕ್ಕರೆ ಗ್ಲೈಕೋಜೆನ್ ಆಗುತ್ತದೆ. ಈ ಆಮ್ಲ ಕೊಟ್ಟ ಇಲಿಗಳಲ್ಲಿ ಹಸಿವು ಕಡಿಮೆಯಾಗಿದ್ದು ಇದರಿಂದಲೇ ಇರಬೇಕೆಂದು ಸಂಶೋಧಕರು ಆಗ ವಾದಿಸಿದರು. ಗಮನಿಸಬೇಕಾದದ್ದು ಇದು: ಸಕ್ಕರೆ ಎಲ್ಲಿಗೂ ಮಾಯವಾಗಿಲ್ಲ. ದಾರಿ ಬದಲಿಸಿತು ಅಷ್ಟೆ. ಉರಿಯದ ಇಂಧನ ದೇಹದೊಳಗೇ ಉಳಿದಿದೆ.

ಎರಡನೆಯ ಅಡ್ಡಿ ಇದಕ್ಕಿಂತ ದೊಡ್ಡದು. ಸಾಮಾನ್ಯ ಊಟ ಮಾಡುವ ಮನುಷ್ಯನಲ್ಲಿ ಸಕ್ಕರೆಯಿಂದ ಹೊಸದಾಗಿ ತಯಾರಾಗುವ ಕೊಬ್ಬು ದಿನಕ್ಕೆ ಕೆಲವೇ ಗ್ರಾಂ. ನಮ್ಮ ಮೈಯಲ್ಲಿ ಕೂಡುವ ಕೊಬ್ಬಿನ ಬಹುಪಾಲು, ತಿಂದ ಎಣ್ಣೆ, ತೆಂಗಿನಕಾಯಿ, ತುಪ್ಪದ ಕೊಬ್ಬೇ. ಅನ್ನ ಹೆಚ್ಚು ತಿಂದಾಗ ದೇಹ ಅನ್ನವನ್ನು ಉರಿಸಿ ಆ ಕೊಬ್ಬನ್ನು ಉಳಿಸಿಕೊಳ್ಳುತ್ತದೆ. ಅನ್ನದ ಇಂಗಾಲವೇ ಕೊಬ್ಬಾಗಬೇಕಿಲ್ಲ. ತಿಂದ ಕೊಬ್ಬು ಸೊಂಟಕ್ಕೆ ಹೋಗುವಾಗ ಸಿಟ್ರೇಟ್ ಲಯೇಸ್ ಇರುವ ದಾರಿಯನ್ನು ಹಾಯುವುದೇ ಇಲ್ಲ. ಇಲಿಯ ಲಿವರಿನಲ್ಲಿ ಸಕ್ಕರೆಯಿಂದ ಕೊಬ್ಬು ತಯಾರಾಗುವುದು ಮನುಷ್ಯನಿಗಿಂತ ಬಹಳ ಹೆಚ್ಚು. ಇಲಿಯಲ್ಲಿ ಕಂಡದ್ದು ನಮ್ಮಲ್ಲಿ ಕಾಣದಿರಲು ಇದೂ ಕಾರಣ. ಫ್ಯಾಟಿ ಲಿವರ್ ಇರುವವರಲ್ಲಿ ಮಾತ್ರ ಈ ಲೆಕ್ಕ ಬದಲಾಗುತ್ತದೆ. ಅವರ ಲಿವರಿನ ಕೊಬ್ಬಿನಲ್ಲಿ ಸುಮಾರು ಕಾಲುಭಾಗ ಹೀಗೆ ಹೊಸದಾಗಿ ತಯಾರಾದದ್ದೆಂದು 2005ರ ಒಂದು ಅಧ್ಯಯನ ಅಳೆದು ತೋರಿಸಿದೆ. ಉಳಿದ ಮುಕ್ಕಾಲು ಬೇರೆ ಮೂಲದ್ದು.

ಮೂರನೆಯದು ಆ ಆಮ್ಲದ್ದೇ ತೊಂದರೆ. ಪರೀಕ್ಷಾನಳಿಕೆಯಲ್ಲಿ ಕಿಣ್ವವನ್ನು ಬಿಗಿಯಾಗಿ ಹಿಡಿಯುವ ಈ ಅಣುವಿನ ಮೇಲೆ ಋಣ ವಿದ್ಯುದಂಶವಿದೆ. ಕೋಶದ ಪೊರೆ ದಾಟುವುದು ಅದಕ್ಕೆ ಸುಲಭವಲ್ಲ. ಬಿಸಿ ಮಾಡಿದರೆ, ಇಟ್ಟರೆ, ಅದು ಲ್ಯಾಕ್ಟೋನ್ ರೂಪಕ್ಕೆ ಮಡಚಿಕೊಳ್ಳುತ್ತದೆ. ಲ್ಯಾಕ್ಟೋನ್ ಈ ಕಿಣ್ವಕ್ಕೆ ಅಷ್ಟಾಗಿ ಅಂಟುವುದಿಲ್ಲ. ಮಾತ್ರೆಗಳಲ್ಲಿ ಅದನ್ನು ಕ್ಯಾಲ್ಸಿಯಂ ಅಥವಾ ಪೊಟ್ಯಾಸಿಯಂ ಲವಣವಾಗಿ ಹಾಕುವುದು ಇದಕ್ಕಾಗಿಯೇ.

ಮನುಷ್ಯರ ಮೇಲೆ ಸರಿಯಾಗಿ ನಡೆದ ಪರೀಕ್ಷೆ 1998ರದು. ಅಮೆರಿಕದಲ್ಲಿ 135 ಸ್ಥೂಲಕಾಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಇನ್ನೊಂದಕ್ಕೆ ಹುಸಿ ಮಾತ್ರೆ ಕೊಟ್ಟರು. ಎರಡೂ ಗುಂಪಿಗೆ ಒಂದೇ ಪಥ್ಯ. 12 ವಾರದ ಕೊನೆಗೆ ಆಮ್ಲ ತೆಗೆದುಕೊಂಡವರು ಸರಾಸರಿ 3.2 ಕಿಲೋ ಇಳಿದಿದ್ದರು, ಹುಸಿ ಮಾತ್ರೆಯವರು 4.1 ಕಿಲೋ. ವ್ಯತ್ಯಾಸ ಲೆಕ್ಕಕ್ಕೆ ಬರುವಷ್ಟಿರಲಿಲ್ಲ. ತೂಕ ಇಳಿಸಿದ್ದು ಪಥ್ಯ.

1990ರ ದಶಕದಲ್ಲಿ ಈ ಮಾತ್ರೆಗಳ ಬೇಡಿಕೆಯಿಂದ ಉಪ್ಪಾಗೆ ಸಿಪ್ಪೆಯ ದರ ಏರಿದಾಗ ನಮ್ಮ ಕಾಡು ಅದಕ್ಕೆ ಬೆಲೆ ತೆತ್ತಿತು. ಕಾಡಿನ ಮರ ಯಾರೊಬ್ಬರದೂ ಅಲ್ಲ. ಹಣ್ಣಾಗುವವರೆಗೆ ಕಾದರೆ ಬೇರೆಯವರು ಕೊಯ್ದಿರುತ್ತಾರೆ. ಹಾಗಾಗಿ ಕಾಯಿಯನ್ನೇ ಬಡಿದು ಇಳಿಸುವುದು, ಟೊಂಗೆ ಕಡಿಯುವುದು ನಡೆಯಿತು. ಮಳೆಗಾಲವಾದ್ದರಿಂದ ಬಿಸಿಲಿಲ್ಲ, ಸಿಪ್ಪೆಯನ್ನು ಬೆಂಕಿಯ ಮೇಲೆಯೇ ಒಣಗಿಸಬೇಕು, ಅದಕ್ಕೆ ಹೇರಳ ಸೌದೆ. ಆಮೇಲೆ ದರ ಬಿತ್ತು. ನಡೆಯದ ಮಾತ್ರೆಯನ್ನು ನಂಬಿದ ಮಾರುಕಟ್ಟೆಗಿಂತ ಅಡುಗೆಯ ಹುಳಿ, ಮೀನಿನ ಸಾರು, ತುಪ್ಪ ಇವುಗಳನ್ನು ನಂಬಿದ ಮಾರುಕಟ್ಟೆ ಕೊಯ್ಯುವವರಿಗೂ ಮರಕ್ಕೂ ಹೆಚ್ಚು ಬಾಳಿಕೆಯದು ಎಂದು ನಾವು ಗಟ್ಟಿಯಾಗಿ ನಂಬುತ್ತೇವೆ.

ಅದೇ ಕಿಣ್ವ, ಬೇರೆ ಔಷಧ

ಸಿಟ್ರೇಟ್ ಲಯೇಸ್ ತಡೆಯುವುದೇ ವ್ಯರ್ಥ ಎಂದು ಇದರ ಅರ್ಥವಲ್ಲ. ಬೆಂಪೆಡೋಯಿಕ್ ಆಮ್ಲ ಎಂಬ ಔಷಧಕ್ಕೆ 2020ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಭಾರತದಲ್ಲೂ ಸಿಗುತ್ತದೆ, ದಿನಕ್ಕೆ 180 ಮಿಲಿಗ್ರಾಂ. ಅದು ತಡೆಯುವುದು ಇದೇ ಲಯೇಸನ್ನು. ಕೊಡುವುದು ತೂಕಕ್ಕಲ್ಲ, ‘ಕೆಟ್ಟ’ದ್ದೆನ್ನುವ ಎಲ್‌ಡಿಎಲ್ ಕೊಲೆಸ್ಟರಾಲ್ ಇಳಿಸಲು. ನುಂಗಿದ ಔಷಧ ಹಾಗೆಯೇ ಕೆಲಸ ಮಾಡುವುದಿಲ್ಲ. ಲಿವರಿನಲ್ಲಿರುವ ಒಂದು ಕಿಣ್ವ ಅದಕ್ಕೆ ಕೋಎ ಸೇರಿಸಿದ ಮೇಲೆಯೇ ಅದು ಚುರುಕಾಗುವುದು. ಆ ಕಿಣ್ವ ಸ್ನಾಯುವಿನಲ್ಲಿ ಇಲ್ಲ. ಕೊಲೆಸ್ಟರಾಲ್ ಇಳಿಸಲು ಸಾಮಾನ್ಯವಾಗಿ ಕೊಡುವ ಸ್ಟ್ಯಾಟಿನ್ ತೆಗೆದುಕೊಂಡರೆ ಮೈಕೈ ನೋವು ಬರುವವರಿಗೆ ಇದನ್ನು ಕೊಡುವುದು ಈ ಕಾರಣಕ್ಕೆ. ಸ್ಟ್ಯಾಟಿನ್ ತಾಳದ 13,970 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹೃದಯಾಘಾತದಂಥ ಘಟನೆಗಳು ಶೇ 13ರಷ್ಟು ಕಡಿಮೆಯಾದವು. ಯೂರಿಕ್ ಆಮ್ಲ ಏರುವುದು, ಗೌಟ್ ಎಂಬ ಕೀಲುನೋವು ಬರುವುದು ಬೆಂಪೆಡೋಯಿಕ್ ಆಮ್ಲದ ಅಡ್ಡಪರಿಣಾಮ.

ಒಂದೇ ಕಿಣ್ವವನ್ನು ತಡೆಯುವ ಎರಡು ವಸ್ತುಗಳಲ್ಲಿ ಒಂದು ಔಷಧವಾಯಿತು, ಇನ್ನೊಂದು ಆಗಲಿಲ್ಲ. ಯಾವ ಅಂಗದಲ್ಲಿ, ಯಾವ ಉದ್ದೇಶಕ್ಕೆ, ಎಷ್ಟು ಪ್ರಮಾಣ ಒಳಗೆ ತಲುಪುತ್ತದೆ ಎಂಬ ಮೂರೂ ಪ್ರಶ್ನೆಗಳಿಗೆ ಬೆಂಪೆಡೋಯಿಕ್ ಆಮ್ಲ ಉತ್ತರ ಕೊಟ್ಟಿತು.

ಹಿಡಿತ ತಪ್ಪಿಸಿಕೊಳ್ಳುವ ಸಕ್ಕರೆ

ತೆಳ್ಳೇವಿನ ಜೊತೆ ಜೋನಿಬೆಲ್ಲ ಬಡಿಸುವ ಊರಿನಲ್ಲಿ ಫ್ರಕ್ಟೋಸ್ ವಿಷಯ ಬಿಡಲಾಗದು. ಬೆಲ್ಲವಾಗಲಿ ಸಕ್ಕರೆಯಾಗಲಿ, ಸುಕ್ರೋಸ್ ಕರುಳಿನಲ್ಲಿ ಒಡೆದು ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ಆಗುತ್ತದೆ. ಜೋನಿಬೆಲ್ಲದಲ್ಲಿ ಒಂದು ಪಾಲು ಮೊದಲೇ ಒಡೆದಿರುತ್ತದೆ, ಅದು ಗಟ್ಟಿಯಾಗದೆ ಉಳಿಯುವುದಕ್ಕೆ ಇದೂ ಒಂದು ಕಾರಣ. ಲಿವರಿನಲ್ಲಿ ಫ್ರಕ್ಟೋಸನ್ನು ಹಿಡಿಯುವುದು ಫ್ರಕ್ಟೋಕೈನೇಸ್. ಅದು ಬಹಳ ವೇಗದ ಕಿಣ್ವ. ಹೆಕ್ಸೋಕೈನೇಸ್‌ನಂತೆ ತನ್ನ ಉತ್ಪನ್ನ ಜಮೆಯಾದರೆ ನಿಲ್ಲುವ ಗುಣ ಅದಕ್ಕಿಲ್ಲ. ಆಮೇಲೆ ಅಲ್ಡೋಲೇಸ್-ಬಿ ಅದನ್ನು ಮೂರು ಇಂಗಾಲದ ತುಂಡು ಮಾಡಿ ನೇರವಾಗಿ ಹಾದಿಯ ಕೆಳಭಾಗಕ್ಕೆ ಬಿಡುತ್ತದೆ. ಪಿಎಫ್‌ಕೆ ಹಿಂದೆಯೇ ಉಳಿಯಿತು. ಎಟಿಪಿ ತುಂಬಿದೆ, ಸಿಟ್ರೇಟ್ ತುಂಬಿದೆ ಎಂದು ಎಷ್ಟೇ ಸುದ್ದಿ ಬಂದರೂ ಫ್ರಕ್ಟೋಸಿಗೆ ತಡೆಯಿಲ್ಲ. ಒಮ್ಮೆಗೇ ಹೆಚ್ಚು ಬಂದರೆ ಫಾಸ್ಫೇಟ್ ಅಂಟಿಸುವ ಭರದಲ್ಲಿ ಲಿವರಿನ ಎಟಿಪಿ ಇಳಿಯುತ್ತದೆ, ಎಎಂಪಿ ಒಡೆದು ಯೂರಿಕ್ ಆಮ್ಲವಾಗುತ್ತದೆ. ಅಪರೂಪಕ್ಕೆ ಅಲ್ಡೋಲೇಸ್-ಬಿ ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳಿರುತ್ತಾರೆ. ಹಾಲು ಕುಡಿಯುವಾಗ ಚೆನ್ನಾಗಿದ್ದ ಮಗು ಬೆಲ್ಲದ ಗಂಜಿ, ಹಣ್ಣಿನ ರಸ ಶುರುಮಾಡಿದ ಮೇಲೆ ವಾಂತಿ ಮಾಡಿ, ಸಕ್ಕರೆ ಇಳಿದು ಸುಸ್ತಾದರೆ ಮಕ್ಕಳ ವೈದ್ಯರಿಗೆ ಯಾವ ಆಹಾರದ ನಂತರ ಹೀಗಾಯಿತು ಎಂಬುದನ್ನು ಹೇಳಲೇಬೇಕು.

ಉಪ್ಪಾಗೆಯ ಜಾತಿಯದೇ ಆದ ಮುರುಗಲಿನಲ್ಲೂ (ಕೋಕಂ) ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇದೆ. ‘ಮುರುಗಲು ಶರಬತ್ತು ಕುಡಿದರೆ ಬೊಜ್ಜು ಕರಗುತ್ತದೆ’ ಎಂದು ಕೋಕಂ ಸಿರಪ್ ಮಾರುವವರ ಮಾತಿನ ಲೆಕ್ಕ ಹಾಕೋಣ. ಒಣ ಸಿಪ್ಪೆಯ ತೂಕದಲ್ಲಿ ಆಮ್ಲ ಶೇ 20ರಷ್ಟಿದೆ ಎಂದು ಹಿಡಿದರೆ, 1998ರ ಪರೀಕ್ಷೆಯ ಒಂದು ದಿನದ ಪ್ರಮಾಣಕ್ಕೆ ಏಳೂವರೆ ಗ್ರಾಂ ಸಿಪ್ಪೆ ಬೇಕು. ಅಷ್ಟಿದ್ದೂ ಅಲ್ಲಿ ತೂಕ ಇಳಿಯಲಿಲ್ಲ. ಸಿರಪ್ಪಿನ ಒಂದು ಲೋಟದಲ್ಲಿ ಸಿಪ್ಪೆಯ ಅಂಶ ಇದರ ಸಣ್ಣ ಪಾಲು; 20–25 ಗ್ರಾಂ ಸಕ್ಕರೆಯಂತೂ ಸುಲಭವಾಗಿ ಇರುತ್ತದೆ. ಅಂದರೆ 80ರಿಂದ 100 ಕ್ಯಾಲೊರಿ, ಅದರಲ್ಲಿ ಅರ್ಧ ಫ್ರಕ್ಟೋಸ್. ಸಕ್ಕರೆ ಹಾಕದ ಸೋಲ್ಕಡಿ, ಮುರುಗಲು ಸಾರು, ಬಂಗಡೆ ಸಾರಿಗೆ ಹಾಕುವ ನಾಲ್ಕು ಸಿಪ್ಪೆ ಇವುಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಅವನ್ನು ರುಚಿಗಾಗಿ ತಿನ್ನುವುದು. ತಲೆಮಾರುಗಳಿಂದ ತಿನ್ನುತ್ತಿರುವ ಆ ಪ್ರಮಾಣದಲ್ಲಿ ಹೆದರುವಂಥದ್ದೇನೂ ಇಲ್ಲ.

ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ

ಮಾತ್ರೆಯ ಪ್ರಮಾಣದಲ್ಲಿ ಹೆದರಲು ಕಾರಣವಿದೆ. ಗಾರ್ಸೀನಿಯಾ ಇರುವ ಮಾತ್ರೆಗಳಿಂದ, ಅದೊಂದೇ ಇದ್ದದ್ದರಿಂದಲೂ ಗ್ರೀನ್ ಟೀ ಸತ್ವದ ಜೊತೆಗಿದ್ದದ್ದರಿಂದಲೂ, ಲಿವರಿಗೆ ತೀವ್ರ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಕೆಲವರಿಗೆ ಲಿವರ್ ಕಸಿಯೇ ಬೇಕಾಯಿತು. ಹೀಗೆ ಪೆಟ್ಟಾದವರಲ್ಲಿ ಎಚ್‌ಎಲ್‌ಎ-ಬಿ*35:01 ಎಂಬ ಜೀನ್ ರೂಪ ಸಾಮಾನ್ಯರಿಗಿಂತ ಹೆಚ್ಚಾಗಿ ಕಂಡಿದೆ; ಅಂದರೆ ಎಲ್ಲರಿಗೂ ಆಗುವುದಿಲ್ಲ, ಆಗುವವರು ಯಾರೆಂದು ನುಂಗುವ ಮೊದಲು ಗೊತ್ತಾಗುವುದಿಲ್ಲ. ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ 2025ರಲ್ಲಿ ಇಂಥ ಮಾತ್ರೆಗಳನ್ನು ಸೇವಿಸಬೇಡಿ ಎಂದೇ ಹೇಳಿತು.

ಕರಾವಳಿಯಲ್ಲಿ ಇದಕ್ಕೊಂದು ಸ್ಥಳೀಯ ತೊಡಕಿದೆ. ಮಳೆಗಾಲದಲ್ಲಿ ಕಣ್ಣು ಹಳದಿಯಾದರೆ ನೆನಪಾಗುವುದು ನೀರಿನಿಂದ ಬರುವ ಕಾಮಾಲೆ, ಇಲ್ಲವೇ ಗದ್ದೆಯಲ್ಲಿ ಕೆಲಸ ಮಾಡುವವರಾದರೆ ಇಲಿಜ್ವರ. ವೈದ್ಯರು ಕೇಳುವುದೂ ಅದನ್ನೇ. ಮಾತ್ರೆಯನ್ನು ‘ಔಷಧ ಅಲ್ಲ, ನಮ್ಮ ಉಪ್ಪಾಗೆ’ ಎಂದುಕೊಂಡವರು ಅದರ ಸುದ್ದಿ ಎತ್ತುವುದಿಲ್ಲ. ಒಂದೆಡೆ ಮಾತ್ರೆ ಮುಂದುವರಿಯುತ್ತದೆ, ಇನ್ನೊಂದೆಡೆ ಕಾಮಾಲೆಗೆ ನಾಟಿ ಮದ್ದು ಶುರುವಾಗುತ್ತದೆ, ಲಿವರಿಗೆ ಎರಡು ಕಡೆಯಿಂದ ಪೆಟ್ಟು.

ಮಾತ್ರೆ ಶುರುಮಾಡಿದ ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ವಾಕರಿಕೆ, ಊಟ ಸೇರದಿರುವುದು, ಮೈ ತುರಿಕೆ, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಚಹಾದ ಬಣ್ಣದ ಮೂತ್ರ ಕಂಡರೆ ಆ ದಿನವೇ ಮಾತ್ರೆ ನಿಲ್ಲಿಸಿ ಲಿವರ್ ಪರೀಕ್ಷೆ ಮಾಡಿಸಬೇಕು. ಎಎಲ್‌ಟಿ, ಬಿಲಿರುಬಿನ್ ಜೊತೆಗೆ ರಕ್ತ ಹೆಪ್ಪುಗಟ್ಟುವ ವೇಗ ನೋಡುವ ಪಿಟಿ-ಐಎನ್‌ಆರ್ ಕೂಡ ಬೇಕು. ಲಿವರ್ ಕೆಲಸ ಕುಸಿಯುತ್ತಿದೆಯೇ ಎಂಬುದು ಗೊತ್ತಾಗುವುದು ಅದರಿಂದ. ಬಹುತೇಕರಲ್ಲಿ ಮಾತ್ರೆ ನಿಲ್ಲಿಸಿದರೆ ಲಿವರ್ ಚೇತರಿಸಿಕೊಳ್ಳುತ್ತದೆ. ಗುಣವಾದ ಮೇಲೆ ಮತ್ತೆ ಶುರುಮಾಡುವುದು ಮಾತ್ರ ಅಪಾಯ. ಎರಡನೆಯ ಸಲ ಪೆಟ್ಟು ಬೇಗ ಬರುತ್ತದೆ, ಜೋರಾಗಿಯೂ ಬರಬಹುದು.

ಶುಗರ್‌ಗೆ ಕೊಟ್ಟ ಮೆಟ್‌ಫಾರ್ಮಿನ್ ಬಿಟ್ಟು ಉಪ್ಪಾಗೆ ಮಾತ್ರೆ ಹಿಡಿದವರಿಗೆ ಒಂದು ಮಾತು. ಮೆಟ್‌ಫಾರ್ಮಿನ್ ಮೈಟೊಕಾಂಡ್ರಿಯದ ಕೆಲಸವನ್ನು ಸ್ವಲ್ಪ ನಿಧಾನ ಮಾಡಿ ಲಿವರಿನಲ್ಲಿ ಎಎಂಪಿ ಏರಿಸುತ್ತದೆ. ಎಎಂಪಿ ಸಕ್ಕರೆ ಕಟ್ಟುವ ಕಿಣ್ವವನ್ನು ತಡೆಯುತ್ತದೆ. ಅದು ಕೈಹಾಕುವುದು ಪಿಎಫ್‌ಕೆಯ ಎದುರು ದಿಕ್ಕಿನಲ್ಲಿರುವ, ಹಿಡಿತ ನಿಜವಾಗಿ ಇರುವ ಜಾಗಕ್ಕೆ. ಸಿಟ್ರೇಟ್ ಲಯೇಸ್ ತಡೆಯುವ ವಸ್ತು ಆ ಕೆಲಸ ಮಾಡಲಾರದು. ಬದಲಿಸುವುದಿದ್ದರೆ ವೈದ್ಯರನ್ನು ಕೇಳಿಯೇ ಬದಲಿಸಬೇಕು.

ಆಸ್ಪತ್ರೆಗೆ ಹೋಗುವಾಗ ಮಾತ್ರೆಯ ಡಬ್ಬಿಯನ್ನೇ ಒಯ್ಯಿರಿ. ಹೆಸರು ಹೇಳಿದರೆ ಸಾಲದು, ಅದರಲ್ಲಿ ಬೇರೆ ಏನೇನು ಬೆರೆಸಿದ್ದಾರೆ ಎಂಬುದು ಚೀಟಿಯಲ್ಲಿರುತ್ತದೆ, ಬ್ಯಾಚ್ ಸಂಖ್ಯೆಯೂ ಇರುತ್ತದೆ. ತೊಂದರೆಯಾದದ್ದನ್ನು ರೋಗಿಯೇ ಭಾರತದ ಔಷಧ ಸುರಕ್ಷತಾ ಜಾಲದ ಉಚಿತ ಸಹಾಯವಾಣಿ 1800-180-3024ಕ್ಕೆ ತಿಳಿಸಬಹುದು, ವೈದ್ಯರ ಮೂಲಕವೂ ಬರೆಸಬಹುದು.